ಆರನೇ ಮನೆ

ಫೆಬ್ರವರಿ 23, ಭಾನುವಾರ

ಆರಾಧನೆ ಮುಗಿದ ಮೇಲೆ ಪಾಸ್ಟರ್ ಆನಂದ್ ನನ್ನನ್ನು ತಡೆದು ನಿಲ್ಲಿಸಿದರು. ಏಪ್ರಿಲ್ 17 ಪರಿಶುದ್ಧ ಗುರುವಾರ, ಯೇಸು ಶಿಷ್ಯರ ಜೊತೆ ಕಡೆಯ ಊಟ ಮಾಡಿದ ದಿನ. ಆ ಸಂಜೆ ಸಭೆಯಲ್ಲಿ ನಾನು ಹದಿನೈದು ನಿಮಿಷ ಮಾತಾಡಬೇಕಂತೆ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವನ್ನು ನಾವು ನೆನಪಿಗಾಗಿ ಮಾಡುವುದೇಕೆ ಎಂಬುದು ವಿಷಯ. "ಸಭೇಲಿ ಏನನ್ನೂ ಮರೆಯದೋರು ಅಂದ್ರೆ ನೀವೇ ಟೀಚರ್. ನೆನಪಿನ ಬಗ್ಗೆ ಇನ್ಯಾರು ಮಾತಾಡ್ಬೇಕು?" ಎಂದರು.

ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿದವಳು ನಾನು. ಮೊದಲ ಬ್ಯಾಚಿನ ಹಾಜರಿಯನ್ನು ಇವತ್ತೂ ಒಂದರಿಂದ ಐವತ್ತೆರಡರವರೆಗೆ ಒಪ್ಪಿಸಬಲ್ಲೆ. ಈ ಪಾಸ್ಟರ್ ಕಳೆದ ಮೇ ತಿಂಗಳಲ್ಲಿ ವರ್ಗವಾಗಿ ಬಂದವರು, ವಯಸ್ಸಿನಲ್ಲಿ ನನ್ನ ಮೊದಲ ಬ್ಯಾಚಿನವರಿಗಿಂತ ಚಿಕ್ಕವರು. ಆದರೂ ಜನರನ್ನು ಅಳೆಯೋಕೆ ಬರುತ್ತದೆ, ಪರವಾಗಿಲ್ಲ.

ಇವರಿಗೆ ಹೇಳಿದೆ. "ಹದಿನೈದು ಅಂದ್ರೆ ಹದಿನೈದೇ ನಿಮಿಷ, ಮಾರಾಯ್ತಿ. ಜನ ಮನೆಗೆ ಹೋಗಿ ಉಣ್ಬೇಕು" ಎಂದು ನಮ್ಮ ಯಜಮಾನರು ಪೇಪರಿನೊಳಗೆ ತಲೆ ಹಾಕಿದರು. ಮೂವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನ್ನನ್ನು ಹೊಗಳಿದ್ದು ಉಪ್ಪಿನಕಾಯಿಗೆ ಮಾತ್ರ.

ಈ ಡೈರಿ ಯಾರೋ ಪುಸ್ತಕದಂಗಡಿಯವರು ಶಾಲೆಗೆ ಕೊಟ್ಟದ್ದು. ಭಾಷಣದ ಟಿಪ್ಪಣಿಗೆ ಇದೇ ಸಾಕು. ಇನ್ನೂ ಐವತ್ತಮೂರು ದಿನ ಇವೆ.

ಫೆಬ್ರವರಿ 26, ಬುಧವಾರ

ಶಿವರಾತ್ರಿ ರಜೆ. ದುರ್ಗಿಗುಡಿಯ ಮೆಡಿಕಲ್ ಶಾಪಿನಲ್ಲಿ ಇವರ ಬಿಪಿ ಮಾತ್ರೆಗೆಂದು ನಿಂತಿದ್ದೆ. ಪಕ್ಕದಲ್ಲೇ ಕಾಂತರಾಜ್, ಭದ್ರಾವತಿಯ ಎಸ್ತೇರಮ್ಮನವರ ಮಗ. ತಾಯಿಯ ಕಣ್ಣುರಿಗೆ ಡ್ರಾಪ್ಸ್ ತೆಗೆದುಕೊಳ್ಳುತ್ತಿದ್ದ. ಚೆನ್ನಾಗಿದೀರಾ, ಮಕ್ಕಳು ಹೇಗಿದ್ದಾರೆ ಎಲ್ಲ ಆದ ಮೇಲೆ ದನಿ ತಗ್ಗಿಸಿದ.

"ಟೀಚರೇ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಅಮ್ಮನ್ನ ಸಭೆ ಇನ್ನೆಷ್ಟು ತಿಂಗಳು ಭೋಜನದಿಂದ ದೂರ ಇಡುತ್ತೆ? ಒಂಬತ್ತು ತಿಂಗಳಾಯ್ತು. ಎಂಬತ್ತೆರಡು ವಯಸ್ಸು. ಇಷ್ಟು ದಿನ ಅಂತ ಹೇಳ್ಬಿಟ್ರೆ ದಿನ ಎಣಿಸ್ಕೊಂಡಾದ್ರೂ ಇರ್ತಾರೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ದೂರ ಇಟ್ಟವರು ಯಾರು ಎಂದು ಕೇಳಿದೆ. ಅವನು ಹೇಳಿದ್ದಿಷ್ಟು: ಅವನ ಮಗಳು ಅಕ್ಷಯಾ ಹೋದ ಮೇ ತಿಂಗಳಲ್ಲಿ ನಿರಂಜನ ಎಂಬ ಹಿಂದೂ ಹುಡುಗನನ್ನು ದೇವಸ್ಥಾನದಲ್ಲಿ ಮದುವೆಯಾದಳು. ಎಸ್ತೇರಮ್ಮ ಹೋಗಿ ಆಶೀರ್ವಾದ ಮಾಡಿ ಬಂದರು. ಜೂನ್ ತಿಂಗಳಿಂದ ಅವರ ಮನೆಗೆ ರೊಟ್ಟಿ, ದ್ರಾಕ್ಷಾರಸ ತರುವುದು ನಿಂತುಹೋಯಿತು. ಆದ್ದರಿಂದ ಅದು ಶಿಕ್ಷೆ.

"ವಿಚಾರಿಸ್ತೀನಿ ಕಾಂತರಾಜ್" ಎಂದೆ. ಅಂಗಡಿ ಮುಂದೆ ಇನ್ನೇನು ಹೇಳಲಿ? ಮನೆಗೆ ಬಂದಾಗ ಮಾತ್ರೆ ತಂದಿರಲಿಲ್ಲ. ಇವರು ನಕ್ಕರು, ನಾನು ರೇಗಿದೆ.

ಮಾರ್ಚ್ 1, ಶನಿವಾರ

ಪಟ್ಟಿಯ ಪುಸ್ತಕ ತೆಗೆದು ನೋಡಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಸಭೆಯಲ್ಲಿ ಕರ್ತನ ಭೋಜನ. ಅದು ಮುಗಿದ ಮೇಲೆ, ನಡೆದು ಬರಲಾಗದ ಮುದುಕರ, ರೋಗಿಗಳ ಮನೆಗೆ ಪಾಸ್ಟರ್ ಮತ್ತು ಸಭೆಯ ಹಿರಿಯರೊಬ್ಬರು ಅದನ್ನು ಒಯ್ಯುತ್ತಾರೆ. ಹನ್ನೊಂದು ವರ್ಷದಿಂದ ಆ ಹಿರಿಯಳು ನಾನೇ. ಪಟ್ಟಿಯೂ ನನ್ನದೇ. ಹಳೆಯ ಪಾಸ್ಟರ್ ಕಾಲದಲ್ಲಿ ಆರು ಮನೆಗಳಿದ್ದವು. ಹೊಸಮನೆಯಲ್ಲಿ ಎರಡು, ದುರ್ಗಿಗುಡಿಯಲ್ಲಿ ಒಂದು, ವಿನೋಬನಗರದಲ್ಲಿ ಎರಡು. ಆರನೆಯದು ಭದ್ರಾವತಿಯಲ್ಲಿ, ಎಸ್ತೇರಮ್ಮನವರದು. ಮಗನ ಮನೆಗೆಂದು ಅಲ್ಲಿಗೆ ಹೋದವರು.

ಹೊಸ ಪಾಸ್ಟರಿಗೆ ನಾನು ಬರೆದುಕೊಟ್ಟ ಪಟ್ಟಿಯಲ್ಲಿ ಐದೇ ಇವೆ.

ಮರೆತೆ. ಮನುಷ್ಯರು ಮರೆಯುತ್ತಾರೆ. ಮೇ ತಿಂಗಳೆಂದರೆ ಬೀಳ್ಕೊಡುಗೆ, ಸ್ವಾಗತ, ಅಡುಗೆಯವರಿಗೆ ಹೇಳುವುದರಿಂದ ಹಿಡಿದು ಶಾಲು ತರುವವರೆಗೆ ಎಲ್ಲ ನನ್ನ ತಲೆ ಮೇಲೆ. ಹಳೆಯ ಪಾಸ್ಟರ್ ಹೊಸಬರಿಗೆ ಒಂದು ಮಾತು ಹೇಳಬಹುದಿತ್ತು. ಈ ಕಾಂತರಾಜನಿಗಾದರೂ ಒಂದು ಫೋನ್ ಮಾಡೋಕೆ ಕೈಗೆ ಲಕ್ವ ಹೊಡೆದಿತ್ತಾ? ಬಾಯಿ ಇರುವವರು ಕೇಳಬೇಕು. ಒಂಬತ್ತು ತಿಂಗಳು ಯಾರಾದರೂ ಸುಮ್ಮನೆ ಕೂತಿರುತ್ತಾರೆಯೇ?

ನಾಳೆ ಪಾಸ್ಟರಿಗೆ ಹೇಳುತ್ತೇನೆ. ಅಲ್ಲಿಗೆ ಮುಗಿಯಿತು.

ಮಾರ್ಚ್ 2, ಭಾನುವಾರ

"ಭದ್ರಾವತೀಲಿ ಒಂದು ಮನೆ ಸೇರಿಸ್ಬೇಕು" ಎಂದೆ. "ಅರೆ, ಇಷ್ಟು ದಿನ ಗೊತ್ತೇ ಆಗಿಲ್ವಲ್ಲ?" ಎಂದರು. "ಮನೆಯೋರು ಈಗ ತಿಳಿಸಿದ್ರು" ಎಂದೆ.

ಸುಳ್ಳಲ್ಲ. ಈಗ ತಿಳಿಸಿದ್ದು ನಿಜ ತಾನೇ?

ಅವರಿಗೆ ಮಧ್ಯಾಹ್ನ ಬೇರೆ ಕಾರ್ಯಕ್ರಮವಿತ್ತು. ಭದ್ರಾವತಿಗೆ ಏಪ್ರಿಲ್ ಆರಕ್ಕೆ ಹೋಗೋಣ, ಅಷ್ಟರಲ್ಲಿ ನೀವೊಮ್ಮೆ ನೋಡಿ ಬನ್ನಿ ಎಂದರು. ಹನ್ನೊಂದು ಗಂಟೆಗೆ ನಾನೂ ಎಲ್ಲರ ಜೊತೆ ಮಂಡಿಯೂರಿ ರೊಟ್ಟಿ ತೆಗೆದುಕೊಂಡೆ. ಬಾಯಿಗೆ ಹಾಕಿಕೊಳ್ಳುವಾಗ ಲೆಕ್ಕ ಬಂತು, ಇದು ಹತ್ತನೆಯದು. ನಾನು ತೆಗೆದುಕೊಂಡ ಹತ್ತು, ಅವರಿಗೆ ಸಿಗದ ಹತ್ತು.

ಮಾರ್ಚ್ 8, ಶನಿವಾರ

ಬೆಳಗಿನ ಶಾಲೆ ಮುಗಿಸಿ ಭದ್ರಾವತಿ ಬಸ್ಸು ಹತ್ತಿದೆ. ಎಲ್ಲವನ್ನೂ ಬರೆಯಬೇಕು, ಇಲ್ಲದಿದ್ದರೆ ನಾಳೆಗೆ ನಾನೇ ನನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತೇನೆ.

ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಹಿಂದಿನ ಬೀದಿ. ಪಕ್ಕದ ಮನೆಯ ತಮಿಳು ಹೆಂಗಸು "ಪಾಟ್ಟಿ, ಯಾರೋ ವಂದಿರುಕ್ಕಾಂಗ" ಎಂದು ನಾನು ಬಂದದ್ದನ್ನು ಒಳಗಿನ ಅಜ್ಜಿಗೆ ಕೂಗಿ ಹೇಳಿದಳು. ಎಸ್ತೇರಮ್ಮ ಮಂಚದ ಮೇಲೆ ಕೂತಿದ್ದರು. ನೇರ ನನ್ನ ಕಡೆಗೇ ಮುಖ ಮಾಡಿ "ಯಾರವ್ವಾ?" ಎಂದರು. ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವರಿಗೆ ಕಣ್ಣು ಹೋಗಿದೆ. ಮಳೆಗಾಲದಲ್ಲಿ ಮಂಜಾಯಿತಂತೆ, ನವೆಂಬರ್ ಹೊತ್ತಿಗೆ ಪೂರ್ತಿ ಕತ್ತಲೆ. ಕಣ್ಣಿನ ನರವೇ ಒಣಗಿದೆ, ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ ಎಂದಿದ್ದಾರಂತೆ ಡಾಕ್ಟರು. ನನಗೆ ಇದೂ ಗೊತ್ತಿರಲಿಲ್ಲ.

"ನಾನು, ಜ್ಞಾನವತಿ" ಎಂದೆ. ಗೋಡೆ ಹಿಡಿದು ಎದ್ದು ನಿಂತುಬಿಟ್ಟರು.

"ಟೀಚರಮ್ಮ! ಸಭೆ ಕಳಿಸ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು. "ಹೌದು, ನಾನು ಹೋದೆ. ತಾಯಿ ಇಲ್ಲದ ಕೂಸು, ಮೂರು ವರ್ಷದವಳಿಂದ ನಾನೇ ಸಾಕಿದ್ದು, ಹೆಂಗೆ ಬಿಡ್ಲಿ? ಅಕ್ಷತೆ ಹಾಕ್ದೆ. ಪೂಜಾರಪ್ಪ ಕೊಟ್ಟ ಪ್ರಸಾದಾನೂ ತಿಂದೆ. ಸುಳ್ಳು ಯಾಕೆ ಹೇಳ್ಲಿ, ರುಚಿಯಾಗಿತ್ತು ಅಂತ ಎರಡ್ಸಲ ಇಸ್ಕೊಂಡೆ. ಜೂನ್ ತಿಂಗಳು ನೀವು ಬರ್ಲಿಲ್ಲ. ಆಗ್ಲೇ ಗೊತ್ತಾಯ್ತು."

"ಕೇಳಬಾರದಿತ್ತಾ ಅಮ್ಮಾ? ಒಂದು ಫೋನು..."

"ಕೇಳೋದೇನು? ಹಿಂದೆ ನಮ್ಮಕ್ಕನ ಮಗ ಹೊರಗಿನೋಳನ್ನ ಕಟ್ಕೊಂಡಾಗ ಹಿಂಗೇ ಮಾಡಿದ್ರು. ಕಾಗದ ಇಲ್ಲ, ಮಾತಿಲ್ಲ. ಆರು ತಿಂಗಳು ಪಾದ್ರಿ ಅಕ್ಕನ ಮನೆ ದಾಟ್ಕೊಂಡು ಹೋದ್ರು. ಕೇಳಿದ್ರೆ ಇನ್ನಾರು ತಿಂಗಳು ಜಾಸ್ತಿ. ಸುಮ್ನೆ ಅನುಭವಿಸ್ಬೇಕು."

ಹಾಗಂದವರು ಪ್ರತಿ ಮೊದಲ ಭಾನುವಾರ ಸ್ನಾನ ಮಾಡಿ, ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಎರಡು ಗಂಟೆಯವರೆಗೆ ಉಪವಾಸ ಕಾಯುತ್ತಿದ್ದರಂತೆ. "ಸಭೆ ಮನಸ್ಸು ಬದಲಾಯ್ಸಿದ್ರೆ ಅಂತ" ಎಂದರು.

ಸೆಪ್ಟೆಂಬರಿನಲ್ಲಿ ಅಕ್ಷಯಾ ಬಸುರಿಯೆಂದು ಹೇಳಲು ಬಂದಿದ್ದಳಂತೆ. ಆಗ ಇವರಿಗೆ ಮಬ್ಬಾಗಿಯಾದರೂ ಕಣ್ಣು ಕಾಣುತ್ತಿತ್ತು. ಅವಳನ್ನು ಸೇರಿಸಿದರೆ ಸಭೆ ಇನ್ನೂ ಮುನಿಯುತ್ತದೆ ಎಂದು ಗೋಡೆ ಕಡೆ ತಿರುಗಿ ಮಲಗಿದರಂತೆ. ಅವಳು ಒಂದು ಗಂಟೆ ಹೊಸಿಲ ಮೇಲೆ ಕೂತಿದ್ದು ಎದ್ದು ಹೋದಳಂತೆ. ಏಪ್ರಿಲ್ ಕೊನೆಗೆ ಹೆರಿಗೆ. ಅಜ್ಜಿ ಮಾತಾಡದ ಮನೆಗೆ ಬಾಣಂತನಕ್ಕೆ ಬರುವುದಿಲ್ಲ ಎಂದು ಕಾಂತರಾಜನಿಗೆ ಹೇಳಿದ್ದಾಳೆ. ಅವಳ ಗಂಡನ ಮನೆಯಲ್ಲಿ ಅತ್ತೆಯೂ ಇಲ್ಲ.

ಆಗಲೇ ಹೇಳಬೇಕಿತ್ತು. ಶಿಕ್ಷೆಯೂ ಇಲ್ಲ, ಸಭೆಗೆ ನಿಮ್ಮ ಮೊಮ್ಮಗಳ ಮದುವೆ ಗೊತ್ತೂ ಇಲ್ಲ, ಪಟ್ಟಿಯಲ್ಲಿ ನಿಮ್ಮ ಹೆಸರು ನಾನು ಬರೆಯಲಿಲ್ಲ, ಅಷ್ಟೇ. ಮೂರು ವಾಕ್ಯ. ಆದರೆ ಅವರು ನನ್ನ ಎರಡೂ ಕೈ ಹಿಡಿದುಕೊಂಡು "ಸಭೆ ಏನಂತು ಟೀಚರಮ್ಮ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ನನ್ನ ಬಾಯಿಂದ ಬಂದದ್ದು, "ಸಭೆ ಕ್ಷಮಿಸಿದೆ ಅಮ್ಮಾ."

ಅವರು ಅತ್ತು ನನ್ನ ಕೈಗೆ ಮುತ್ತಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, "ಇನ್ನು ಅವಳ ಸಂಗ ಮಾಡಲ್ಲ. ಒಂದ್ಸಲ ಕ್ಷಮಿಸಿದ ಮೇಲೆ ಮತ್ತೆ ತಪ್ಪು ಮಾಡಿದ್ರೆ ದೇವ್ರು ಮೆಚ್ಚಲ್ಲ. ಸಭೆಗೆ ನಾನು ಮಾತು ಕೊಟ್ಟೆ ಅಂತ ಹೇಳಿ" ಎಂದರು.

ಅಯ್ಯೋ ದೇವರೇ. ಕ್ಷಮೆ ಅಂದರೆ ತಪ್ಪಿತ್ತು ಅಂತಾಯಿತಲ್ಲ. ಇದುವರೆಗೆ ಅದು ಅವರ ಅನುಮಾನ ಮಾತ್ರ ಆಗಿತ್ತು. ಈಗ ನಾನೇ ಹೋಗಿ ಮೊಹರು ಒತ್ತಿ ಬಂದೆ.

ಮಾರ್ಚ್ 9, ಭಾನುವಾರ

ಸಭೆಗೆ ಹೋಗಿದ್ದೆ. ತಲೆನೋವು. ಬರೆಯುವಂಥದ್ದೇನೂ ಇಲ್ಲ.

ಮಾರ್ಚ್ 16, ಭಾನುವಾರ

ಭಾಷಣಕ್ಕೆ ಕೂತೆ. ಒಂದನೆಯ ಅಂಶ ಎಂದು ಬರೆದು ಅರ್ಧ ಗಂಟೆ ಕಿಟಕಿ ನೋಡಿದೆ.

ಇವರು ಕಾಫಿ ತಂದಿಟ್ಟರು. "ನೆನಪಿಗೆ ಫೋಟೋ ಇಟ್ಕೋತೀವಿ, ಕಲ್ಲು ನೆಡ್ತೀವಿ. ಯೇಸು ಊಟ ಮಾಡಿ ಅಂತ ಯಾಕೆ ಹೇಳ್ದ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಯೋಚಿಸಿದೆ. ಫೋಟೋ ಮುಂದೆ ಒಬ್ಬರೇ ನಿಲ್ಲಬಹುದು, ಬೇಕಾದಷ್ಟು ಅಳಬಹುದು, ಪಕ್ಕದಲ್ಲಿ ಯಾರಿಲ್ಲ ಎಂದು ತಿರುಗಿ ನೋಡಬೇಕಾಗಿಲ್ಲ. ಪಂಕ್ತಿಯಲ್ಲಿ ಕೂತರೆ ಹಾಗಲ್ಲ. ಒಂದು ಎಲೆ ಖಾಲಿ ಇದ್ದರೆ ಬಡಿಸುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಬೀಳಬೇಕು.

ಆತ ಆ ಸಂಜೆ ಯಾರನ್ನು ಬಿಟ್ಟ? ಆತನನ್ನು ಶತ್ರುಗಳಿಗೆ ಹಿಡಿದುಕೊಡಲಿದ್ದ ಶಿಷ್ಯ ಅಲ್ಲೇ ಇದ್ದ. ಆತ ಯಾರೋ ನಾನರಿಯೆ ಅನ್ನಲಿದ್ದ ಶಿಷ್ಯನೂ ಇದ್ದ. ಇಬ್ಬರ ಕೈಗೂ ರೊಟ್ಟಿ ಕೊಟ್ಟ. ನಾನಾದರೆ ಬಿಡುತ್ತಿದ್ದೆ.

ಈ ಕಡೆಯ ವಾಕ್ಯ ಭಾಷಣಕ್ಕೆ ಬೇಡ.

ಮಾರ್ಚ್ 19, ಬುಧವಾರ

ವಿನೋಬನಗರದಲ್ಲಿ ಅಕ್ಷಯಾಳ ಮನೆ ಹುಡುಕಿಕೊಂಡು ಹೋದೆ. ಅಜ್ಜಿಗೂ ಅವಳಿಗೂ ರಾಜಿ ಮಾಡಿಸಿಬಿಟ್ಟರೆ ಹಳೆಯದನ್ನು ಕೆದಕುವ ಅಗತ್ಯವೇ ಬೀಳುವುದಿಲ್ಲ ಎಂಬ ಆಸೆ. ಹೊಟ್ಟೆ ಹೊತ್ತು ಬಾಗಿಲು ತೆರೆದಳು. ಕುಡಿಯಲು ನೀರು ಕೊಟ್ಟಳು, ಕೂರಿ ಅನ್ನಲಿಲ್ಲ.

"ಅಜ್ಜಿಗೆ ಈಗ ಕಣ್ಣು ಕಾಣಲ್ಲ, ನೀನೇ ಒಂದು ಹೆಜ್ಜೆ ಮುಂದೆ ಇಟ್ರೆ" ಎಂದು ಶುರು ಮಾಡಿದೆ.

"ಎಷ್ಟು ಹೆಜ್ಜೆ ಇಡ್ಲಿ ಟೀಚರ್? ಮದುವೇಲಿ ನಮ್ಮಜ್ಜಿ ನಿರಂಜನನ ಕೆನ್ನೆ ಹಿಂಡಿ, ಇವಳಿಗೆ ಮುದ್ದೆ ಕಟ್ಟೋಕೆ ಬರಲ್ಲ ಕಣಪ್ಪ, ನೀನೇ ಕಲಿ ಅಂದ್ರು. ಅಂಥ ಅಜ್ಜಿ ನನಗೆ ಬೆನ್ನು ತಿರುಗ್ಸಿದ್ರು. ಸೀಮಂತಕ್ಕೆ ಒಂದು ಡಜನ್ ಬಳೆ ಕಳಿಸ್ಲಿಲ್ಲ. ಸಭೆ ಹೇಳ್ತು ಅಂತೆ. ಸಭೆ ಅಂದ್ರೆ ಯಾರು? ಒಬ್ರು ಎದ್ದು ನಿಂತು ಮಾಡಿದ್ದು ತಾನೇ ಇದು? ಹೆಸರು ಹೇಳಿ ಅವರದ್ದು."

"ಕಮಿಟಿ..." ಎಂದೆ. ಕಮಿಟಿ! ತಪ್ಪು ಉತ್ತರ ಬರೆದ ಮಕ್ಕಳು ನನ್ನ ಮುಂದೆ ಹೀಗೇ ತೊದಲುತ್ತವೆ. ನೀರಿನ ಲೋಟ ಅಲ್ಲೇ ಇಟ್ಟು, ಪರೀಕ್ಷೆ ಕೆಲಸ ಇದೆ ಎಂದು ಹೊರಟುಬಂದೆ.

ಮಾರ್ಚ್ 24, ಸೋಮವಾರ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆ. ಮೂರು ಗಂಟೆ ಸುಮ್ಮನೆ ಓಡಾಡುವ ಕೆಲಸ, ಯೋಚನೆ ಬೇಡವೆಂದರೂ ಬರುತ್ತದೆ.

ಮರೆತೆ ಎಂದು ಬರೆದಿದ್ದೇನೆ ಮೇಲೆ. ಅದು ಸರಿಯಲ್ಲ. ಮೇ ತಿಂಗಳಲ್ಲಿ ಪಟ್ಟಿ ಬರೆಯುವಾಗ ಭದ್ರಾವತಿ ನೆನಪಿತ್ತು. ಹೋಗಿ ಬಂದರೆ ನಾಲ್ಕು ಗಂಟೆಯಾಗುತ್ತದೆ, ಊಟ ತಪ್ಪುತ್ತದೆ, ಹೊಸಬರು ಊರಿಗೆ ಹೊಂದಿಕೊಳ್ಳಲಿ, ಮುಂದಿನ ತಿಂಗಳು ಹೇಳಿದರಾಯಿತು ಎಂದುಕೊಂಡೆ. ಜುಲೈನಲ್ಲಿ ಹೇಳೋಕೆ ಹೋದರೆ ಜೂನಲ್ಲಿ ಯಾಕೆ ಹೇಳಲಿಲ್ಲ ಎನ್ನುತ್ತಾರಲ್ಲ ಎಂದು ಸುಮ್ಮನಾದೆ. ಆಗಸ್ಟಿನಲ್ಲಿ ಇನ್ನೂ ಕಷ್ಟವಾಯಿತು. ಆಮೇಲೆ ಯಾವಾಗಲೋ ನಿಜವಾಗಿ ಮರೆತೆ. ಮರೆಯುವುದಕ್ಕೂ ಶ್ರಮಪಟ್ಟೆ ಅಂತಾಯಿತು.

ಏಪ್ರಿಲ್ 1, ಮಂಗಳವಾರ

ಇನ್ನೊಂದಿದೆ. ಇದನ್ನೂ ಬರೆದುಬಿಡುತ್ತೇನೆ.

ಕಡೆಯ ಸಲ ಹೋದಾಗ, ಮೇ ಮೊದಲ ಭಾನುವಾರ, ಎಸ್ತೇರಮ್ಮನವರ ಮನೆಯಲ್ಲಿ ಪ್ರಾರ್ಥನೆ ಓದುವ ಸರದಿ ನನ್ನದು. ಬಿಸಿಲು, ಹಸಿವು, ಗಡಗಡ ಓದಿದೆ. ಅವರು ಹಳೆಯ ಪಾಸ್ಟರ್ ಮುಂದೆಯೇ ನಕ್ಕು, "ಬಸ್ಸು ತಪ್ಪುತ್ತಾ ಟೀಚರಮ್ಮ? ನಿಧಾನ ಓದಿ. ಇಷ್ಟಕ್ಕೋಸ್ಕರ ನಾನು ತಿಂಗಳೆಲ್ಲ ಕಾದಿರ್ತೀನಿ" ಎಂದರು. ಪಾಸ್ಟರೂ ನಕ್ಕರು. ನನಗೆ ಮೈ ಉರಿಯಿತು. ಇಡೀ ಶಿವಮೊಗ್ಗದಲ್ಲಿ ನನ್ನ ಓದಿಗೆ ಯಾರೂ ಹೆಸರಿಟ್ಟಿರಲಿಲ್ಲ. ಕಾಯಲಿ ಬಿಡು ಎಂದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಎರಡು ವಾರದ ಮೇಲೆ ಪಟ್ಟಿ ಬರೆದೆ.

ಇಷ್ಟೇ. ಇಷ್ಟಕ್ಕೆ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಭೋಜನಕ್ಕೆ ಸಾಲಿನವರೆಲ್ಲ ಎದ್ದರು. ನಾನೂ ಎದ್ದೆ, ಮತ್ತೆ ಕೂತೆ. ಹಿಂದಿನ ಬೆಂಚಿನಲ್ಲಿ ಪಿಸುಪಿಸು ಕೇಳಿತು. ನಮ್ಮಲ್ಲಿ ಯಾರು ಏಳಲಿಲ್ಲ ಎಂಬುದೇ ವಾರವಿಡೀ ಮಾತು. ನಾನೂ ಎಷ್ಟು ಜನರ ಬಗ್ಗೆ ಹಾಗೆ ಮಾತಾಡಿದ್ದೇನೋ.

ಮಧ್ಯಾಹ್ನ ಪಾಸ್ಟರ್ ಜೊತೆ ಭದ್ರಾವತಿಗೆ ಹೋದೆ. ದಾರಿಯಲ್ಲಿ ಅವರಿಗೆ ಹೇಳಬೇಕೆಂದು ಮೂರು ಸಲ ಗಂಟಲು ಸರಿಮಾಡಿಕೊಂಡೆ. ಕೆಮ್ಮಾ ಟೀಚರ್ ಎಂದು ಕೇಳಿದರು.

ಎಸ್ತೇರಮ್ಮ ಬಿಳಿ ಸೀರೆ ಉಟ್ಟು ಕಾದಿದ್ದರು. ಸ್ಟೂಲಿನ ಮೇಲೆ ಬಟ್ಟೆ ಹಾಸಿತ್ತು. ಕಾಂತರಾಜ್ ಕೈಕಟ್ಟಿ ಗೋಡೆಗೆ ಒರಗಿದ್ದ. ಪಾಸ್ಟರ್ ರೊಟ್ಟಿ ಎತ್ತಿ, ತನ್ನನ್ನು ನೆನೆದು ಹೀಗೆ ಮಾಡಿ ಎಂದು ಯೇಸು ಹೇಳಿದ ಮಾತಿಗೆ ಬಂದರು. ಮುದುಕಿ ಬಾಯಿ ಸ್ವಲ್ಪ ತೆರೆದುಕೊಂಡು ಕಾಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ನಿಲ್ಲಿಸಿ ಪಾಸ್ಟರ್" ಎಂದೆ.

ಹೇಳಿದೆ. ಶಿಕ್ಷೆ ಇರಲಿಲ್ಲ. ಸಭೆಗೆ ಏನೂ ಗೊತ್ತಿಲ್ಲ. ನಿಮ್ಮ ಹೆಸರು ಬಿಟ್ಟವಳು ನಾನು. ಮರೆತಲ್ಲ, ಸಿಟ್ಟಿನಿಂದ ಬಿಟ್ಟೆ. ಹೋದ ತಿಂಗಳು ಸಭೆ ಕ್ಷಮಿಸಿದೆ ಅಂದದ್ದು ಸುಳ್ಳು. ನಿಮ್ಮ ಮೊಮ್ಮಗಳ ಮನೆಯಲ್ಲೂ ಕಮಿಟಿ ಎಂದು ಸುಳ್ಳು ಹೇಳಿದೆ.

ಪಾಸ್ಟರ್ ಕೈಯಲ್ಲಿ ರೊಟ್ಟಿ ಹಾಗೇ ಇತ್ತು. ಎಸ್ತೇರಮ್ಮ ಅಳುತ್ತಾರೆ, ಆಮೇಲೆ ಹೋಗಲಿ ಬಿಡಿ ಅನ್ನುತ್ತಾರೆ ಎಂದು ನನ್ನೊಳಗೆ ಒಂದು ಲೆಕ್ಕ ಇತ್ತೆಂದು ಈಗ ತೋರುತ್ತದೆ. ಆ ಲೆಕ್ಕ ತಪ್ಪಾಯಿತು.

"ಹತ್ತು ತಿಂಗಳು" ಎಂದರು. ನನಗೆ ಮೊದಲ ಸಲ ನೀನು ಎಂದರು. "ಹತ್ತು ತಿಂಗಳು ನಾನು ಪಾಪಿ ಅಂತ ಬದುಕ್ದೆ ಕಣೇ. ನನ್ನ ಕೂಸು ಬಂದು ಆ ಹೊಸಿಲ ಮೇಲೆ ಕೂತಿತ್ತು. ಕಣ್ಣು ಕಾಣ್ತಿತ್ತು ನನಗೆ ಆಗ. ತಿರುಗಿ ನೋಡಿದ್ರೆ ಸಾಕಿತ್ತು. ನೋಡ್ಲಿಲ್ಲ. ಇನ್ನು ನೋಡ್ತೀನಿ ಅಂದ್ರೂ ಆಗಲ್ಲ. ಆ ಮುಖಾನ ಯಾರು ತಂದುಕೊಡ್ತಾರೆ? ನೀನು ತರ್ತೀಯಾ? ನಿನ್ನ ಸಭೆ ತರುತ್ತಾ?"

ಕಾಂತರಾಜ್ "ಅಮ್ಮಾ" ಎಂದ. ಸುಮ್ಮನಿರೋ ಎಂದು ಗದರಿದರು.

ಪಾಸ್ಟರ್ ಮೆಲ್ಲಗೆ, "ಅಜ್ಜೀ, ಭೋಜನ ತಗೊಳ್ತೀರಾ?" ಎಂದರು.

"ಇಲ್ಲ. ತಗೊಂಡು ಹೋಗಿ. ಇವಳು ಮೊದ್ಲು ಆ ಹುಡುಗಿ ಹತ್ರ ಹೋಗಿ, ಇಲ್ಲಿ ಹೇಳಿದ್ದನ್ನೆಲ್ಲ ಅಲ್ಲೂ ಹೇಳ್ಲಿ. ಅವಳು ಬರ್ಲಿ. ಹತ್ತು ತಿಂಗಳು ಅವಳನ್ನ ಬಿಟ್ಟು ಕೂತಿದ್ದು ಸಾಕು, ಇದನ್ನೂ ಅವಳನ್ನ ಬಿಟ್ಟು ತಿನ್ನಲ್ಲ."

ಪಾಸ್ಟರ್ ರೊಟ್ಟಿಯನ್ನು ಡಬ್ಬಿಗೆ ವಾಪಸ್ ಹಾಕಿ ಬಟ್ಟೆ ಸುತ್ತಿದರು.

ಏಪ್ರಿಲ್ 7, ಸೋಮವಾರ

ಇವರಿಗೆ ಹೇಳಿದೆ. ನಗಲಿಲ್ಲ. "ನಾನೂ ಬರ್ಲಾ ಆ ಹುಡುಗಿ ಮನೆಗೆ?" ಎಂದು ಕೇಳಿದರು. ಬೇಡ ಎಂದೆ.

ಏಪ್ರಿಲ್ 8, ಮಂಗಳವಾರ

ಅಕ್ಷಯಾ ಪೂರ್ತಿ ಕೇಳಿಸಿಕೊಂಡಳು. ನಿರಂಜನ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. ಕೊನೆಗೆ ಅವಳು ಕೇಳಿದ್ದು ಒಂದೇ: "ಅಜ್ಜಿಗೆ ಏನೂ ಕಾಣಲ್ವಾ? ಬೆಳಕೂ?"

"ಇಲ್ಲ."

ಗಂಡನ ಕಡೆ ತಿರುಗಿ "ಕಾರ್ ತೆಗಿ" ಎಂದಳು. ನಾನೂ ಎದ್ದೆ. "ನೀವು ಬರ್ಬೇಡಿ" ಎಂದಳು. ಅವರ ಕಾರು ತಿರುವು ದಾಟುವವರೆಗೆ ಗೇಟಿನ ಹತ್ತಿರ ನಿಂತಿದ್ದು, ಆಟೋ ಹಿಡಿದು ಬಂದೆ.

ಏಪ್ರಿಲ್ 13, ಭಾನುವಾರ

ಅಕ್ಷಯಾ ಭದ್ರಾವತಿಯಲ್ಲೇ ಉಳಿದಿದ್ದಾಳಂತೆ. ಕಾಂತರಾಜ್ ಪಾಸ್ಟರಿಗೆ ಫೋನ್ ಮಾಡಿದ್ದ, ನನಗಲ್ಲ. ಪಟ್ಟಿಯ ಪುಸ್ತಕವನ್ನು ಪಾಸ್ಟರಿಗೆ ಕೊಟ್ಟು, ಇನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದೆ. ಬೇಡ ಟೀಚರ್, ನಿಮ್ಮ ಹತ್ತಿರವೇ ಇರಲಿ ಅನ್ನಲಿ ಎಂದು ಕಾದೆ. ಅವರು ತೆಗೆದುಕೊಂಡರು.

"ಗುರುವಾರ ಮಾತಾಡ್ತೀರಾ?" ಎಂದು ಕೇಳಿದರು.

"ನೀವು ಬೇಡ ಅಂದ್ರೆ ಬಿಡ್ತೀನಿ."

"ನಾನು ಬೇಡ ಅನ್ನಲ್ಲ" ಎಂದರು.

ಏಪ್ರಿಲ್ 17, ಪರಿಶುದ್ಧ ಗುರುವಾರ

ಆರು ನಿಮಿಷದಲ್ಲಿ ಮುಗಿಯಿತು. ಬರೆದುಕೊಂಡು ಹೋಗಿರಲಿಲ್ಲ.

ನೆನಪೆಂದರೆ ತಲೆಯೊಳಗೆ ಇಟ್ಟುಕೊಳ್ಳುವುದು ಎಂದು ನಂಬಿದ್ದೆ, ಅದರಲ್ಲಿ ನನಗೆ ಬಹಳ ಗರ್ವವಿತ್ತು ಎಂದೆ. ಯೇಸು ತಲೆಗೆ ಏನನ್ನೂ ಒಪ್ಪಿಸಲಿಲ್ಲ. ಮುರಿದು ಕೊಡಿ ಎಂದ. ಇನ್ನೊಬ್ಬರ ಕೈಗೆ ಹೋಗದೆ ಈ ನೆನಪು ಆಗುವುದೇ ಇಲ್ಲ. ನಾನು ಒಬ್ಬರ ಕೈಗೆ ಹೋಗದ ಹಾಗೆ ಮಾಡಿದೆ, ಮಾಡಿ ಪ್ರತಿ ತಿಂಗಳು ನಿಮ್ಮ ಜೊತೆ ಇಲ್ಲಿ ಮಂಡಿಯೂರಿದೆ. ಎಸ್ತೇರಮ್ಮನವರ ಹೆಸರು ಹೇಳಿದೆ. ನನ್ನ ಹೆಸರನ್ನೂ ಹೇಳಿದೆ, ಎಲ್ಲರಿಗೂ ಗೊತ್ತಿರುವ ಹೆಸರು, ಆದರೂ ಹೇಳಿದೆ.

ಕೆಳಗಿಳಿದಾಗ ಯಾರೂ ನನ್ನ ಮುಖ ನೋಡಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಇವರು ಬಂದು ನನ್ನ ಬ್ಯಾಗು ಹಿಡಿದುಕೊಂಡರು. ಮನೆಯವರೆಗೂ ಅವರೇ ಹಿಡಿದಿದ್ದರು.

ಏಪ್ರಿಲ್ 20, ಈಸ್ಟರ್

ಬೆಳಿಗ್ಗೆ ಪಾಸ್ಟರ್, "ಭದ್ರಾವತಿ ಅಜ್ಜಿ ಇವತ್ತು ಭೋಜನ ತರೋಕೆ ಹೇಳಿದ್ದಾರೆ. ನೀವೂ ಬರ್ಬೇಕಂತೆ" ಎಂದರು. ಯಾಕೆ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಇನ್ನೂ ನಾಲ್ಕು ಮಾತು ಬೈಯುವುದಿರಬೇಕು, ಬೈಯಲಿ ಎಂದುಕೊಂಡೆ.

ಎರಡು ಗಂಟೆಗೆ ತಲುಪಿದೆವು. ಮಂಚದ ಮೇಲೆ ಎಸ್ತೇರಮ್ಮ. ಅವರಿಗೆ ಒರಗಿಕೊಂಡು ಅಕ್ಷಯಾ, ಕಾಲು ನೀಡಿ ಕೂತಿದ್ದಳು. ಪಾದಗಳು ಊದಿಕೊಂಡಿದ್ದವು. ಅಜ್ಜಿಯ ಕೈ ಅವಳ ಮುಖದ ಮೇಲೇ ಇತ್ತು. ಹಣೆ, ಮೂಗು, ಗಲ್ಲ ಎಂದು ಒಂದೊಂದಾಗಿ ಮುಟ್ಟಿ, ಮತ್ತೆ ಹಣೆಯಿಂದ ಶುರು ಮಾಡುತ್ತಿದ್ದರು. "ಸಾಕು ಅಜ್ಜೀ, ಮೂಗು ಕಿತ್ಕೊಂಡು ಬರುತ್ತೆ" ಎಂದಳು. "ಸುಮ್ನಿರೇ" ಎಂದು ಬೈದರು. ನಿರಂಜನ ಕೆಳಗೆ ಚಾಪೆಯ ಮೇಲೆ, ಕಾಂತರಾಜ್ ಅವನ ಪಕ್ಕದಲ್ಲಿ.

ನಾನು ಒಳಗೆ ಹೋಗಲಿಲ್ಲ. ಅಕ್ಷಯಾ ಒಮ್ಮೆ ನನ್ನ ಕಡೆ ನೋಡಿ ಅಜ್ಜಿಯ ಕಡೆಗೆ ತಿರುಗಿದಳು. ಹೊರಗೆ ಮೆಟ್ಟಿಲ ಮೇಲೆ ನಿಂತೆ. ಪಾಸ್ಟರ್ ಸ್ಟೂಲಿನ ಮೇಲೆ ಎಲ್ಲವನ್ನೂ ಜೋಡಿಸಿ, ಪ್ರಾರ್ಥನೆ ಮಾಡಿ, ರೊಟ್ಟಿ ಕೈಗೆತ್ತಿಕೊಂಡರು.

"ತಡೀರಿ" ಎಂದರು ಎಸ್ತೇರಮ್ಮ. "ಟೀಚರಮ್ಮ ಬರ್ಲಿಲ್ವಾ?"

"ಬಂದಿದ್ದಾರೆ. ಹೊರಗೆ ನಿಂತಿದ್ದಾರೆ" ಎಂದ ನಿರಂಜನ.

ಅವರು ಬಾಗಿಲ ಕಡೆಗೆ ಮುಖ ತಿರುಗಿಸಿದರು. ನಾನು ನಿಂತಲ್ಲಿಗಲ್ಲ, ಸ್ವಲ್ಪ ಆಚೆಗೆ. "ಯಾಕೆ ನಿಂತಿದೀಯಾ ಅಲ್ಲಿ?"

ನಾನು ಹೊಸಿಲ ಹತ್ತಿರಕ್ಕೆ ಬಂದೆ.

"ನೋಡು, ನನ್ನ ಸಿಟ್ಟು ಇಳಿದಿಲ್ಲ. ಇಳಿಯುತ್ತೋ ಇಲ್ವೋ ಗೊತ್ತಿಲ್ಲ. ಇಳಿದ ಮೇಲೇ ನಿನ್ನ ಜೊತೆ ಕೂತ್ಕೋತೀನಿ ಅನ್ನೋಕೆ ನನಗೆ ಅಷ್ಟು ಆಯಸ್ಸಿಲ್ಲ. ಯಾರನ್ನಾದ್ರೂ ಹೊರಗೆ ನಿಲ್ಲಿಸಿ ಇದನ್ನ ತಿನ್ನೋದು ಹೆಂಗಿರುತ್ತೆ ಅಂತ ನಿನಗೆ ಗೊತ್ತು. ನನಗೆ ಅದು ಬೇಡ. ಬಾ, ಒಳಗೆ ಕೂತ್ಕೊ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಅಕ್ಷಯಾ ಮುಖ ಆಚೆ ತಿರುಗಿಸಿಕೊಂಡೇ ಕಾಲು ಮಡಿಚಿ ಜಾಗ ಬಿಟ್ಟಳು.